ನಾಲ್ಕು ಹನಿ, ಒಂದು ಗಾಜಿನ ತಟ್ಟೆ: ಅಣುಗಳ ನಡುವಿನ ಸೆಳೆತ ಹೋಲಿಸುವುದು ಹೇಗೆ?

ಪ್ರತಿ ವರ್ಷ ಜುಲೈ ತಿಂಗಳಲ್ಲಿ, ಹೊರಗೆ ತೀರ್ಥಹಳ್ಳಿಯ ಮಳೆ ಬಿಡದೆ ಹೊಯ್ಯುತ್ತಿರುವಾಗ, ನಾನು ದ್ವಿತೀಯ ಪಿಯುಸಿ ಮಕ್ಕಳ ಮುಂದೆ ಒಂದು ಗಾಜಿನ ತಟ್ಟೆ ಇಡುತ್ತೇನೆ. ಅದರ ಮೇಲೆ ಡ್ರಾಪರ್‌ನಿಂದ ನಾಲ್ಕು ಹನಿ ಹಾಕುತ್ತೇನೆ. ಅಸಿಟೋನ್, ಎಥನಾಲ್, ನೀರು, ಗ್ಲಿಸರಿನ್. ಗ್ಲಿಸರಿನ್ ಅಂದರೆ ಚಳಿಗಾಲದಲ್ಲಿ ತುಟಿ ಒಡೆದಾಗ ಹಚ್ಚಿಕೊಳ್ಳುತ್ತೇವಲ್ಲ, ಅದೇ. ಮೆಡಿಕಲ್ ಶಾಪಿನಿಂದ ತಂದದ್ದು. ಫ್ಯಾನ್ ಆಫ್ ಮಾಡಿಸಿ, "ಯಾವುದು ಮೊದಲು ಆರುತ್ತೆ, ಯಾವುದು ಕೊನೆಗೆ? ನೋಟ್ಸಿನಲ್ಲಿ ಬರೆದಿಡಿ" ಎನ್ನುತ್ತೇನೆ.

ಹಾಕಿದ ಕೂಡಲೇ ಒಂದು ವ್ಯತ್ಯಾಸ ಕಾಣುತ್ತದೆ. ಅಸಿಟೋನ್ ಮತ್ತು ಎಥನಾಲ್ ಗಾಜಿನ ಮೇಲೆ ಚಪ್ಪಟೆಯಾಗಿ ಹರಡಿಬಿಡುತ್ತವೆ. ನೀರು, ಗ್ಲಿಸರಿನ್ ಮಾತ್ರ ಗುಂಡಗೆ, ಬೆನ್ನು ಉಬ್ಬಿಸಿಕೊಂಡು ಕೂರುತ್ತವೆ. ಅಸಿಟೋನ್ ಅಂಚಿನಿಂದ ಒಳಗೆ ಸರಿಯುತ್ತಾ ಬಂದು, ಹಾಜರಿ ಕೂಗಿ ಮುಗಿಯುವುದರೊಳಗೆ ಇಲ್ಲವಾಗುತ್ತದೆ. ಅದು ಇದ್ದ ಜಾಗಕ್ಕೆ ಗಾಜಿನ ಕೆಳಗಿನಿಂದ ಬೆರಳಿಟ್ಟರೆ ತಣ್ಣಗೆ ಅನ್ನಿಸುತ್ತದೆ. ಇನ್ನು ಕೆಲವು ನಿಮಿಷಕ್ಕೆ ಎಥನಾಲ್ ಹೋಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ನೀರಿನ ಹನಿ ಪೀರಿಯಡ್ ಮುಗಿದರೂ ಇರುತ್ತದೆ. ಗ್ಲಿಸರಿನ್ ಅಂತೂ ಅಲ್ಲಾಡುವುದೇ ಇಲ್ಲ.

ಆಮೇಲೆ ಬೋರ್ಡಿನ ಮೇಲೆ ನಾಲ್ಕರ ಅಣುತೂಕ ಬರೆಯುತ್ತೇನೆ. ಅಸಿಟೋನ್ 58. ಎಥನಾಲ್ 46. ನೀರು 18. ಗ್ಲಿಸರಿನ್ 92. ಮೊದಲ ಮೂರನ್ನು ನೋಡಿ. ಭಾರದ್ದು ಬೇಗ ಹಾರಿಹೋಯಿತು, ಹಗುರದ್ದು ಕೂತೇ ಇದೆ. ಮಕ್ಕಳ ಮುಖದಲ್ಲಿ ಆ ಕ್ಷಣ ಬರುವ ಪ್ರಶ್ನೆಯಿಂದಲೇ ನಾನು ಪಾಠ ಶುರು ಮಾಡುವುದು.

(ಮನೆಯಲ್ಲಿ ಮಾಡುವವರಿಗೆ ಒಂದು ಮಾತು: ಅಸಿಟೋನ್, ಎಥನಾಲ್ ಎರಡಕ್ಕೂ ಬೆಂಕಿ ಥಟ್ಟನೆ ಹತ್ತುತ್ತದೆ. ಗ್ಯಾಸ್ ಒಲೆ, ದೀಪ, ಊದುಬತ್ತಿ ಹತ್ತಿರ ಬೇಡವೇ ಬೇಡ.)

ಕೆಲ ವರ್ಷಗಳ ಹಿಂದೆ ಪಠ್ಯ ಕಡಿಮೆ ಮಾಡಿದಾಗ ಪ್ರಥಮ ಪಿಯುಸಿಯಿಂದ ದ್ರವ್ಯದ ಸ್ಥಿತಿಗಳ ಪಾಠ ಬಿಟ್ಟುಹೋಯಿತು. ಈ ಸೆಳೆತಗಳನ್ನು ಸಾವಕಾಶವಾಗಿ ಕಲಿಸುತ್ತಿದ್ದದ್ದು ಅಲ್ಲೇ. ಪಾಠ ಹೋದರೂ ಪ್ರಶ್ನೆಗಳು ಹೋಗಲಿಲ್ಲ. ಆಲ್ಕೊಹಾಲ್ ಪಾಠದಲ್ಲಿ, ಅಮೈನ್ ಪಾಠದಲ್ಲಿ, ಆಲ್ಡಿಹೈಡ್ ಪಾಠದಲ್ಲಿ, ಎಲ್ಲೆಲ್ಲೂ "ಕುದಿಬಿಂದುವಿನ ಏರಿಕೆ ಕ್ರಮದಲ್ಲಿ ಬರೆಯಿರಿ" ಅಂತ ಕೇಳುತ್ತಲೇ ಇದ್ದಾರೆ. ಹಾಗಾಗಿ ಮಕ್ಕಳು ಒಂದು ಏಣಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ: ಮೇಲೆ ಹೈಡ್ರೋಜನ್ ಬಂಧ (ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವನ್ನು ಹಿಡಿಯುವುದು), ನಡುವೆ ದ್ವಿಧ್ರುವಗಳ ಸೆಳೆತ (ಒಂದು ಬದಿ ಧನ, ಇನ್ನೊಂದು ಬದಿ ಋಣವಾದ ಅಣುಗಳದ್ದು), ಕೆಳಗೆ ಲಂಡನ್ ಬಲ (ಎಲ್ಲ ಅಣುಗಳಲ್ಲೂ ಇರುವುದು, ಮುಂದೆ ನೋಡೋಣ). ಈ ಏಣಿ ಸುಳ್ಳಲ್ಲ. ಆದರೆ ಹೋಲಿಸುವ ಅಣುಗಳು ಸುಮಾರಾಗಿ ಒಂದೇ ಗಾತ್ರದವಾದರೆ ಮಾತ್ರ ಅದು ನಿಲ್ಲುತ್ತದೆ. ಗಾತ್ರ ಬೇರೆಯಾದ ಕೂಡಲೇ ಕಾಲು ಜಾರುತ್ತದೆ. ನಾನು 19 ವರ್ಷದಿಂದ ತಿದ್ದುತ್ತಿರುವ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. ಏಣಿ ಗೊತ್ತಿಲ್ಲದೆ ಅಲ್ಲ, ಏಣಿಯನ್ನು ಎಲ್ಲಿ ಇಡಬೇಕು ಅಂತ ಗೊತ್ತಿಲ್ಲದೆ. ಅದಕ್ಕೇ ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಕೇಳಿಕೊಳ್ಳಿ ಎನ್ನುತ್ತೇನೆ.

ಕುದಿಯುವಾಗ ಬಿಡುವುದು ಯಾವುದು?

ಇದನ್ನು ಮೊದಲು ಸರಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ನೀರು ಕುದಿದಾಗ ಹೈಡ್ರೋಜನ್ ಮತ್ತು ಆಕ್ಸಿಜನ್ ಬೇರೆಯಾಗುವುದಿಲ್ಲ. ಇಡ್ಲಿ ಪಾತ್ರೆಯಿಂದ ಏಳುವ ಹಬೆಯೂ ನೀರೇ. ಒಂದು ಮಲ್ಲಿಗೆ ದಂಡೆ ತೆಗೆದುಕೊಳ್ಳಿ. ದಾರ ಬಿಚ್ಚಿದರೆ ಹೂಗಳು ಒಂದರಿಂದ ಒಂದು ಬೇರೆಯಾಗುತ್ತವೆ. ಆದರೆ ಪ್ರತಿ ಹೂವಿನ ಎಸಳು ಹಾಗೇ ಇರುತ್ತದೆ. ಅಣುವಿನ ಒಳಗಿನ ಬಂಧ ಎಸಳು ತೊಟ್ಟನ್ನು ಹಿಡಿದ ಹಾಗೆ. ಅಣುಗಳ ನಡುವಿನ ಸೆಳೆತ ದಾರ ಹೂವನ್ನು ಹಿಡಿದ ಹಾಗೆ.

ಅಂಕಿಯಲ್ಲೇ ನೋಡಿ. ನೀರಿನ ಅಣುವಿನ ಒಳಗಿನ ಆಕ್ಸಿಜನ್–ಹೈಡ್ರೋಜನ್ ಬಂಧ ಕಡಿಯಲು ಮೋಲ್‌ಗೆ (ಅಣುಗಳ ಒಂದು ನಿಗದಿತ ದೊಡ್ಡ ಎಣಿಕೆಗೆ) ಸುಮಾರು 463 ಕಿಲೋಜೌಲ್ ಬೇಕು. ಎರಡು ನೀರಿನ ಅಣುಗಳ ನಡುವಿನ ಒಂದು ಹೈಡ್ರೋಜನ್ ಬಂಧ ಬಿಡಿಸಲು ಸುಮಾರು 20 ಸಾಕು. ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಅಂತರ. "ಅಣುವಿನ ಒಳಗಿನ ಬಂಧ ಬಲವಾಗಿದೆ, ಆದ್ದರಿಂದ ಕುದಿಬಿಂದು ಜಾಸ್ತಿ" ಎಂದು ಬರೆದರೆ ಉತ್ತರದ ಬುಡವೇ ತಪ್ಪು.

ಹಾಗೆಯೇ, ಕೊಟ್ಟ ಪಟ್ಟಿಯಲ್ಲಿರುವುದೆಲ್ಲ ಅಣುಗಳೇ ಹೌದಾ ಅಂತ ಒಮ್ಮೆ ಕಣ್ಣಾಡಿಸಿ. ಅಡುಗೆ ಉಪ್ಪಿನಲ್ಲಿ ಬಿಡಿ ಅಣುಗಳಿಲ್ಲ, ಅಯಾನುಗಳಿವೆ, ಅಂದರೆ ಧನ, ಋಣ ವಿದ್ಯುದಾವೇಶ ಹೊತ್ತ ಕಣಗಳು. ಅದು ಕರಗುವುದೇ 801 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮರಳಿನಲ್ಲಿ ಸಿಲಿಕಾನ್, ಆಕ್ಸಿಜನ್ ಒಂದಕ್ಕೊಂದು ಬಲೆಯಂತೆ ಹೆಣೆದುಕೊಂಡಿವೆ. ಕಾರ್ಬನ್ ಡೈಆಕ್ಸೈಡ್ ಗಾಳಿ, ಸಿಲಿಕಾನ್ ಡೈಆಕ್ಸೈಡ್ ಮರಳು, ಹೆಸರು ಒಂದೇ ಥರ ಇದೆ ಅಂತ ಇವೆರಡನ್ನೂ ಅಣುಬಲದಿಂದ ಹೋಲಿಸಲು ಹೋಗಬೇಡಿ. ಇಂಥವು ಪಟ್ಟಿಯಲ್ಲಿದ್ದರೆ ಎಲ್ಲಕ್ಕಿಂತ ಮೇಲೆ ಇಟ್ಟು, ಉಳಿದವನ್ನು ನೋಡಿ.

ಎಲೆಕ್ಟ್ರಾನ್ ಎಣಿಸಿ

ಮಕ್ಕಳು ಕೊನೆಗೆ ಕೇಳುವ ಪ್ರಶ್ನೆಯನ್ನು ನಾನು ಮೊದಲು ಕೇಳಿಸುತ್ತೇನೆ. ಅಣುವಿನಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ?

ಎಲೆಕ್ಟ್ರಾನ್ ಮೋಡ ಒಂದೇ ಕಡೆ ಸುಮ್ನೆ ಕೂರುವುದಿಲ್ಲ. ಬಕೆಟ್ ನೀರು ಹೊತ್ತು ನಡೆಯುವಾಗ ನೀರು ಅತ್ತ ಇತ್ತ ತುಳುಕುತ್ತದಲ್ಲ, ಹಾಗೆ ತುಳುಕುತ್ತಿರುತ್ತದೆ. ಒಂದು ಕ್ಷಣ ಒಂದು ಬದಿಗೆ ಎಲೆಕ್ಟ್ರಾನ್ ಜಾಸ್ತಿಯಾದರೆ ಆ ಬದಿ ಋಣ, ಇನ್ನೊಂದು ಬದಿ ಧನ. ಅದನ್ನು ಕಂಡು ಪಕ್ಕದ ಅಣುವಿನ ಮೋಡವೂ ಸರಿಯುತ್ತದೆ. ಎರಡರ ನಡುವೆ ಸೆಳೆತ ಹುಟ್ಟುತ್ತದೆ. ಇದನ್ನು 1930ರಲ್ಲಿ ಕ್ವಾಂಟಮ್ ಲೆಕ್ಕದಿಂದ ವಿವರಿಸಿದವರು ಫ್ರಿಟ್ಜ್ ಲಂಡನ್. ಅದಕ್ಕೇ ಲಂಡನ್ ಬಲ ಎಂಬ ಹೆಸರು. ಇಂಗ್ಲೆಂಡಿನ ಊರಿಗೂ ಇದಕ್ಕೂ ಸಂಬಂಧವಿಲ್ಲ. ಈ ಬಲ ಇಲ್ಲದ ಅಣುವೇ ಇಲ್ಲ. ನೀರಿನಲ್ಲೂ ಇದೆ, ಹೀಲಿಯಂನಲ್ಲೂ ಇದೆ. ಎಲೆಕ್ಟ್ರಾನ್ ಜಾಸ್ತಿಯಾದಷ್ಟೂ ಮೋಡ ದೊಡ್ಡದು, ತುಳುಕಾಟ ಜಾಸ್ತಿ, ಸೆಳೆತ ಜಾಸ್ತಿ.

ಇದನ್ನು ಶುದ್ಧವಾಗಿ ನೋಡಬೇಕೆಂದರೆ ಬೇರೆ ಯಾವ ಸೆಳೆತವೂ ಇಲ್ಲದ ಗುಂಪು ಹಿಡಿಯಿರಿ. ಹೀಲಿಯಂ ಮೈನಸ್ 269 ಡಿಗ್ರಿಗೆ ಕುದಿಯುತ್ತದೆ, ನಿಯಾನ್ ಮೈನಸ್ 246, ಆರ್ಗಾನ್ ಮೈನಸ್ 186, ಕ್ರಿಪ್ಟಾನ್ ಮೈನಸ್ 153, ಕ್ಸೆನಾನ್ ಮೈನಸ್ 108. ಹ್ಯಾಲೋಜನ್‌ಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕ್ಲೋರಿನ್ ಹಸಿರು ಮಿಶ್ರಿತ ಹಳದಿ ಅನಿಲ. ಬ್ರೋಮಿನ್ ಕೆಂಗಂದು ದ್ರವ. ಅಯೋಡಿನ್ ಹೊಳೆಯುವ ಕಪ್ಪು ಹರಳು. ಒಂದೇ ಕುಟುಂಬ, ಒಂದೇ ಬಗೆಯ ಬಲ, ಮೂರು ಸ್ಥಿತಿ.

ಅಡುಗೆಮನೆಯಿಂದ ಪೆಟ್ರೋಲ್ ಬಂಕಿನವರೆಗೆ ಇದೇ ಕಥೆ. ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಪ್ರೊಪೇನ್ ಮೈನಸ್ 42ಕ್ಕೆ ಕುದಿಯುತ್ತದೆ, ಬ್ಯುಟೇನ್ ಹತ್ತಿರಹತ್ತಿರ ಸೊನ್ನೆಗೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬರೀ ಬ್ಯುಟೇನ್ ತುಂಬಿದ್ದರೆ ಒಲೆ ಹತ್ತಿಸುವುದೇ ಕಷ್ಟ. ಕಾರ್ಬನ್ ಸರಪಳಿ ಇನ್ನೂ ಉದ್ದವಾದರೆ ಪೆಟ್ರೋಲ್, ಇನ್ನೂ ಉದ್ದವಾದರೆ ಸೀಮೆಎಣ್ಣೆ, ಡೀಸೆಲ್. ಕೊನೆಗೆ ಕೈಯಲ್ಲಿ ಹಿಡಿಯುವ ಮೇಣದಬತ್ತಿ. ಮೇಣ ಗಟ್ಟಿಯಾಗಿ ನಿಂತಿರುವುದು ಬರೀ ಲಂಡನ್ ಬಲದಿಂದ. ಹೈಡ್ರೋಜನ್ ಬಂಧ ಒಂದೂ ಇಲ್ಲ. "ಲಂಡನ್ ಬಲ ದುರ್ಬಲ" ಎಂದು ಕಣ್ಣುಮುಚ್ಚಿ ಬರೆಯುವ ಮೊದಲು ಈ ಮೇಣದಬತ್ತಿಯನ್ನು ನೆನಪಿಸಿಕೊಳ್ಳಿ.

ಆಕಾರ ಒಮ್ಮೆ ನೋಡಿ

ಎಲೆಕ್ಟ್ರಾನ್ ಎಣಿಕೆ ಸಮವಾಗಿ ಬಂದು, ಬಗೆಯೂ ಒಂದೇ ಆದರೆ ಆಕಾರ ತೀರ್ಮಾನಿಸುತ್ತದೆ. ಪೆಂಟೇನ್‌ನ ಮೂರು ರೂಪಗಳಿವೆ. ನೇರ ಸರಪಳಿಯದು 36 ಡಿಗ್ರಿಗೆ ಕುದಿಯುತ್ತದೆ, ಒಂದು ಕವಲಿರುವ ಐಸೊಪೆಂಟೇನ್ 28ಕ್ಕೆ, ಚೆಂಡಿನಂತಿರುವ ನಿಯೊಪೆಂಟೇನ್ 9.5ಕ್ಕೆ. ಕೊಟ್ಟಿಗೆ ಪಕ್ಕ ಒಟ್ಟಿದ ಸೌದೆಯನ್ನೂ ಅಂಗಳದಲ್ಲಿ ರಾಶಿ ಹಾಕಿದ ತೆಂಗಿನಕಾಯಿಯನ್ನೂ ನೋಡಿ. ಸೌದೆ ಉದ್ದಕ್ಕೂ ಒಂದಕ್ಕೊಂದು ತಾಗಿಕೊಂಡಿರುತ್ತದೆ. ಕಾಯಿಗಳು ಒಂದೊಂದು ಬಿಂದುವಿನಲ್ಲಷ್ಟೇ ತಾಗುತ್ತವೆ. ತಾಗುವ ಜಾಗ ಜಾಸ್ತಿಯಾದಷ್ಟೂ ಸೆಳೆತ ಜಾಸ್ತಿ.

ಇಲ್ಲಿ ಒಂದು ಎಚ್ಚರ. ಇದು ಕುದಿಬಿಂದುವಿನ ಮಾತು. ಕರಗುವ ಬಿಂದುವಿಗೆ ಇದನ್ನೇ ಹಚ್ಚಬೇಡಿ. ಅದೇ ನಿಯೊಪೆಂಟೇನ್ ಮೈನಸ್ 17ರ ಸುಮಾರಿಗೆ ಕರಗುತ್ತದೆ, ನೇರ ಪೆಂಟೇನ್ ಮೈನಸ್ 130ಕ್ಕೆ. ಪೂರ್ತಿ ತಿರುಗುಮುರುಗು! ಘನವಾಗಲು ಅಣುಗಳು ಸಾಲಾಗಿ, ಅಚ್ಚುಕಟ್ಟಾಗಿ ಜೋಡಣೆಯಾಗಬೇಕು. ಸಮಾಕಾರದ ಚೆಂಡಿಗೆ ಅದು ಸುಲಭ, ಬಳುಕುವ ಸರಪಳಿಗೆ ಕಷ್ಟ. ಸೆಳೆತದ ಬಲ ಅಳೆಯಲು ಕುದಿಬಿಂದುವೇ ನಂಬಿಕೆಯ ಸಾಕ್ಷಿ.

ಜೋಡಣೆ ಅಂದರೇನು ಅಂತ ನೋಡಬೇಕೆಂದರೆ ನಮ್ಮ ಮಲೆನಾಡಿನ ಡಿಸೆಂಬರ್ ಬೆಳಗ್ಗೆ ಸಾಕು. ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬೆಳ್ಳಗೆ ಕಲ್ಲಾಗಿರುತ್ತದೆ. ಬಚ್ಚಲೊಲೆ ಪಕ್ಕ ಇಟ್ಟರೆ ಮಾತ್ರ ಹೊರಗೆ ಬರುತ್ತದೆ. ಅದು ಕರಗುವುದು 24 ಡಿಗ್ರಿಯ ಆಸುಪಾಸಿನಲ್ಲಿ. ಪಕ್ಕದಲ್ಲೇ ಇರುವ ಸೂರ್ಯಕಾಂತಿ ಎಣ್ಣೆ ತೆಳ್ಳಗೆ ಹರಿಯುತ್ತಿರುತ್ತದೆ. ಕೊಬ್ಬರಿ ಎಣ್ಣೆಯ ಸರಪಳಿಗಳು ಹೆಚ್ಚಿನವು ನೇರ, ಒತ್ತೊತ್ತಾಗಿ ಕೂರುತ್ತವೆ. ಸೂರ್ಯಕಾಂತಿ ಎಣ್ಣೆಯ ಸರಪಳಿ ಉದ್ದ ಜಾಸ್ತಿಯಾದರೂ ಜೋಡಿ ಬಂಧ ಇರುವಲ್ಲಿ ಮೊಣಕೈಯಂತೆ ಬಾಗಿದೆ. ಬಾಗಿದ ಕೋಲುಗಳನ್ನು ಎಷ್ಟು ಒಟ್ಟಿದರೂ ಸಂದು ಉಳಿಯುತ್ತದೆ, ಅಲ್ವಾ?

ತೂಕ ಸಮ ಬಂದಾಗ ಏಣಿ ತೆಗೆಯಿರಿ

ಈಗ ಏಣಿಯ ಸರದಿ. ನನಗೆ ತುಂಬಾ ಇಷ್ಟವಾದ ನಾಲ್ವರ ಸಾಲು ಇದು. ಪ್ರೊಪೇನ್, ಡೈಮೀಥೈಲ್ ಈಥರ್, ಅಸಿಟಾಲ್ಡಿಹೈಡ್, ಎಥನಾಲ್. ಅಣುತೂಕ 44, 46, 44, 46. ಎಲೆಕ್ಟ್ರಾನ್ ಎಣಿಸಿದರೆ 26, 26, 24, 26. ಅಂದರೆ ಲಂಡನ್ ಬಲ ನಾಲ್ಕರಲ್ಲೂ ಹೆಚ್ಚುಕಡಿಮೆ ಸಮ. ಆದರೂ ಕುದಿಬಿಂದು ಮೈನಸ್ 42, ಮೈನಸ್ 24, 20, 78. ಪ್ರೊಪೇನ್‌ಗೆ ಲಂಡನ್ ಬಲ ಬಿಟ್ಟು ಬೇರೇನಿಲ್ಲ. ಈಥರ್ ಸ್ವಲ್ಪ ಧ್ರುವೀಯ, ಅಂದರೆ ಅದರ ಒಂದು ಬದಿ ಸದಾ ಕೊಂಚ ಋಣ, ಇನ್ನೊಂದು ಬದಿ ಕೊಂಚ ಧನ. ಆಲ್ಡಿಹೈಡಿನ ಕಾರ್ಬನ್–ಆಕ್ಸಿಜನ್ ಜೋಡಿ ಬಂಧ ಇನ್ನೂ ಹೆಚ್ಚು ಧ್ರುವೀಯ. ಎಥನಾಲ್‌ಗೆ ಹೈಡ್ರೋಜನ್ ಬಂಧ. ಈಥರ್ ಮತ್ತು ಎಥನಾಲ್ ಎರಡರ ಅಣುಸೂತ್ರವೂ ಒಂದೇ. ಒಂದು ಹೈಡ್ರೋಜನ್ ಕಾರ್ಬನ್ ಬಿಟ್ಟು ಆಕ್ಸಿಜನ್ ಮೇಲೆ ಕೂತದ್ದಕ್ಕೆ 100 ಡಿಗ್ರಿಗೂ ಮೀರಿದ ವ್ಯತ್ಯಾಸ.

ಧ್ರುವೀಯವೋ ಅಲ್ಲವೋ ಎಂದು ನೋಡುವಾಗ ಬಂಧ ಒಂದನ್ನೇ ನೋಡಬೇಡಿ, ಇಡೀ ಅಣುವನ್ನು ನೋಡಿ. ಕಾರ್ಬನ್ ಡೈಆಕ್ಸೈಡಿನಲ್ಲಿ ಎರಡು ಆಕ್ಸಿಜನ್‌ಗಳು ಎದುರು ದಿಕ್ಕಿಗೆ ಸಮವಾಗಿ ಎಳೆಯುತ್ತವೆ. ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆ ಸಮಬಲವಾದರೆ ಹಗ್ಗ ಇದ್ದಲ್ಲೇ ಇರುವಂತೆ, ಒಟ್ಟು ಅಣುವಿಗೆ ಧ್ರುವೀಯತೆ ಇಲ್ಲ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಕ್ಲಾಸಿನಲ್ಲಿ ಮಾತೇ ಆಡದವಳು. "ಮೇಡಂ, ಕ್ಲೋರೊಫಾರ್ಮ್ ಧ್ರುವೀಯ. ಕಾರ್ಬನ್ ಟೆಟ್ರಾಕ್ಲೋರೈಡ್ ಅಲ್ಲ. ಆದ್ರೆ ಪುಸ್ತಕದ ಟೇಬಲ್‌ನಲ್ಲಿ ಕ್ಲೋರೊಫಾರ್ಮ್ 61, ಇದು 77 ಅಂತಿದೆ. ಪ್ರಿಂಟ್ ತಪ್ಪಾ?" ಅಂದಳು. ಆ ಪ್ರಶ್ನೆ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳನ್ನೇ ಬೋರ್ಡಿಗೆ ಕರೆದು ಎಲೆಕ್ಟ್ರಾನ್ ಎಣಿಸಲು ಹೇಳಿದೆ. ಕ್ಲೋರೊಫಾರ್ಮ್: ಕಾರ್ಬನ್ 6, ಹೈಡ್ರೋಜನ್ 1, ಮೂರು ಕ್ಲೋರಿನ್‌ಗೆ 51. ಒಟ್ಟು 58. ಕಾರ್ಬನ್ ಟೆಟ್ರಾಕ್ಲೋರೈಡ್: 6, ನಾಲ್ಕು ಕ್ಲೋರಿನ್‌ಗೆ 68. ಒಟ್ಟು 74. ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡೇ "ಓ, ಮೋಡ ದೊಡ್ಡದು" ಅಂದಳು. ಅಷ್ಟೇ. ಹದಿನಾರು ಎಲೆಕ್ಟ್ರಾನ್ ಹೆಚ್ಚಿದ್ದು ಧ್ರುವೀಯತೆಯನ್ನು ಸೋಲಿಸಿತು. ಅಂದಿನಿಂದ ಪ್ರತಿ ವರ್ಷ ಈ ಜೋಡಿಯನ್ನು ನಾನೇ ಮಕ್ಕಳ ಮುಂದಿಡುತ್ತೇನೆ.

ಇದೇ ಪಾಠ ಹೈಡ್ರೋಜನ್ ಹ್ಯಾಲೈಡ್‌ಗಳಲ್ಲೂ ಇದೆ. ಹೈಡ್ರೋಜನ್ ಕ್ಲೋರೈಡ್, ಬ್ರೋಮೈಡ್, ಅಯೊಡೈಡ್: ಧ್ರುವೀಯತೆ ಇಳಿಯುತ್ತಾ ಹೋಗುತ್ತದೆ, ಕುದಿಬಿಂದು ಮಾತ್ರ ಮೈನಸ್ 85, ಮೈನಸ್ 67, ಮೈನಸ್ 35 ಅಂತ ಏರುತ್ತಾ ಹೋಗುತ್ತದೆ.

ಹೈಡ್ರೋಜನ್ ಬಂಧ: ಇದೆಯಾ ಅಂತಷ್ಟೇ ಅಲ್ಲ, ಎಷ್ಟಿವೆ?

ಪರೀಕ್ಷೆಯ ಮಟ್ಟಕ್ಕೆ ನಿಯಮ ಸರಳ. ಹೈಡ್ರೋಜನ್ ನೇರವಾಗಿ ಫ್ಲೋರಿನ್, ಆಕ್ಸಿಜನ್ ಅಥವಾ ನೈಟ್ರೋಜನ್ ಮೇಲೆ ಕೂತಿರಬೇಕು. "ನೇರವಾಗಿ" ಎಂಬ ಪದಕ್ಕೆ ಗೆರೆ ಎಳೆದುಕೊಳ್ಳಿ. ಅಸಿಟೋನ್‌ನಲ್ಲಿ ಹೈಡ್ರೋಜನ್ ಇದೆ, ಆಕ್ಸಿಜನ್ ಇದೆ. ಆದರೆ ಹೈಡ್ರೋಜನ್‌ಗಳೆಲ್ಲ ಕಾರ್ಬನ್ ಮೇಲೆ. ಹಾಗಾಗಿ ಅಸಿಟೋನ್ ಅಣುಗಳು ತಮ್ಮತಮ್ಮಲ್ಲಿ ಈ ಬಂಧ ಕಟ್ಟಿಕೊಳ್ಳುವುದಿಲ್ಲ. ನೀರು ಸಿಕ್ಕರೆ ಮಾತ್ರ ನೀರಿನ ಹೈಡ್ರೋಜನ್ ಹಿಡಿದುಕೊಂಡು ಪೂರ್ತಿ ಬೆರೆತುಹೋಗುತ್ತದೆ.

ನಮ್ಮ ರಾಜ್ಯದವರು ಹೆಮ್ಮೆಪಡುವ ಸಂಗತಿಯೊಂದು ಇಲ್ಲಿದೆ. 2011ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಹೈಡ್ರೋಜನ್ ಬಂಧಕ್ಕೆ ಹೊಸ ವ್ಯಾಖ್ಯೆ ಪ್ರಕಟಿಸಿತು. ಆ ತಂಡದ ಮುಂದಾಳತ್ವ ವಹಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಇ. ಅರುಣನ್. ಅದೇ ಸಂಸ್ಥೆಯ ಗೌತಮ್ ದೇಸಿರಾಜು ಕೂಡ ತಂಡದಲ್ಲಿದ್ದರು. ಆ ವ್ಯಾಖ್ಯೆ ನಮ್ಮ ಮೂರು ಮೂಲವಸ್ತುಗಳ ನಿಯಮಕ್ಕಿಂತ ಅಗಲವಾದದ್ದು. ಹೈಡ್ರೋಜನ್‌ಗಿಂತ ಹೆಚ್ಚು ಎಲೆಕ್ಟ್ರಾನ್ ಎಳೆದುಕೊಳ್ಳುವ ಪರಮಾಣುವಿನ ಮೇಲೆ ಹೈಡ್ರೋಜನ್ ಇದ್ದು, ಬಂಧವಾಗಿದೆ ಎನ್ನಲು ಪುರಾವೆ ಇದ್ದರೆ ಅದೂ ಸೇರುತ್ತದೆ. ಸದ್ಯಕ್ಕೆ ನೀವು ಮೂರನ್ನೇ ಹಿಡಿದುಕೊಳ್ಳಿ, ಮುಂದೆ ಓದುವಾಗ ಬಾಗಿಲು ತೆರೆದಿರಲಿ.

ಈ ಬಂಧದ ಪ್ರತಾಪ ನೋಡಬೇಕಾದರೆ ಆಕ್ಸಿಜನ್ ಕುಟುಂಬದ ಹೈಡ್ರೈಡ್‌ಗಳನ್ನು ಕೆಳಗಿನಿಂದ ಮೇಲೆ ಓದಿ. ಹೈಡ್ರೋಜನ್ ಟೆಲ್ಯುರೈಡ್ ಮೈನಸ್ 2. ಸೆಲೆನೈಡ್ ಮೈನಸ್ 41. ಕೊಳೆತ ಮೊಟ್ಟೆಯ ವಾಸನೆಯ ಸಲ್ಫೈಡ್ ಮೈನಸ್ 60. ಇದೇ ಇಳಿಜಾರಿನಲ್ಲಿ ಹೋದರೆ ನೀರು ಮೈನಸ್ 70–80ರ ಸುಮಾರಿಗೆ ಕುದಿಯಬೇಕಿತ್ತು. ಕುದಿಯುವುದು 100ಕ್ಕೆ. ಸೆಳೆತ ಬರೀ ಲಂಡನ್ ಲೆಕ್ಕದಲ್ಲಿದ್ದಿದ್ದರೆ ತುಂಗೆಯಲ್ಲಿ ನೀರೇ ಹರಿಯುತ್ತಿರಲಿಲ್ಲ.

ಇನ್ನು ಎಣಿಕೆ. ಹೈಡ್ರೋಜನ್ ಫ್ಲೋರೈಡಿನ ಒಂದೊಂದು ಹೈಡ್ರೋಜನ್ ಬಂಧ ನೀರಿನದಕ್ಕಿಂತ ಗಟ್ಟಿ. ಆದರೂ ಅದು 19.5 ಡಿಗ್ರಿಗೆ ಕುದಿಯುತ್ತದೆ. ಯಾಕೆ? ಕೊಡಲು ಅದಕ್ಕಿರುವುದು ಒಂದೇ ಹೈಡ್ರೋಜನ್. ನೀರಿಗೆ ಕೊಡಲು ಎರಡು ಹೈಡ್ರೋಜನ್, ತೆಗೆದುಕೊಳ್ಳಲು ಎರಡು ಒಂಟಿ (ಅಣುವಿನ ಬಂಧದಲ್ಲಿ ಸೇರದ) ಎಲೆಕ್ಟ್ರಾನ್ ಜೋಡಿ. ಒಂದು ಅಣು ನಾಲ್ಕು ಕಡೆ ಹಿಡಿದುಕೊಳ್ಳಬಹುದು. ಅಮೋನಿಯಾ ಹತ್ತಿರ ಕೊಡಲು ಮೂರಿವೆ, ಆದರೆ ತೆಗೆದುಕೊಳ್ಳಲು ಒಂದೇ ಜೋಡಿ. ಹಾಗಾಗಿ ಎರಡು ಹೈಡ್ರೋಜನ್‌ಗೆ ಜೊತೆ ಸಿಗುವುದಿಲ್ಲ. ಅದರ ಮೇಲೆ ನೈಟ್ರೋಜನ್ ಅಷ್ಟಾಗಿ ಎಲೆಕ್ಟ್ರಾನ್ ಎಳೆದುಕೊಳ್ಳುವುದೂ ಇಲ್ಲ. ಅದರ ಕುದಿಬಿಂದು ಮೈನಸ್ 33. ಕೊಡುವುದೂ ತೆಗೆದುಕೊಳ್ಳುವುದೂ ಸರಿಹೊಂದಿದ್ದರಿಂದಲೇ ನೀರು ಗೆದ್ದದ್ದು.

ಅಮೈನ್‌ಗಳಲ್ಲಿ ಇದೇ ಎಣಿಕೆ ಮಾಡಿ. ಅಣುತೂಕ 59 ಇರುವ ಮೂರು: ಪ್ರೊಪೈಲಮೈನ್‌ನಲ್ಲಿ ನೈಟ್ರೋಜನ್ ಮೇಲೆ ಎರಡು ಹೈಡ್ರೋಜನ್, ಕುದಿಬಿಂದು 48. ಎಥೈಲ್ ಮೀಥೈಲ್ ಅಮೈನ್‌ನಲ್ಲಿ ಒಂದು, 37. ಟ್ರೈಮೀಥೈಲಮೈನ್‌ನಲ್ಲಿ ಒಂದೂ ಇಲ್ಲ, 3.

ಒಂದು ಬಲೆ ಮಾತ್ರ ತಪ್ಪಿಸಿಕೊಳ್ಳಿ. ಹೈಡ್ರೋಜನ್ ಬಂಧ ಅಣುವಿನ ಒಳಗೇ ಆಗಿಬಿಟ್ಟರೆ ಪಕ್ಕದವರಿಗೆ ಏನೂ ಉಳಿಯುವುದಿಲ್ಲ. ನೈಟ್ರೊಫಿನಾಲ್‌ನ ಎರಡು ರೂಪ ನೋಡಿ: ಎರಡು ಗುಂಪು ಪಕ್ಕಪಕ್ಕ ಇರುವ ಆರ್ಥೊ 45ಕ್ಕೆ ಕರಗುತ್ತದೆ, ಎದುರುಬದುರು ಇರುವ ಪ್ಯಾರಾ 114ಕ್ಕೆ. ಹಬೆ ಹಾಯಿಸಿದರೆ ಆರ್ಥೊ ಅದರ ಜೊತೆ ಎದ್ದುಹೋಗುತ್ತದೆ, ಪ್ಯಾರಾ ಉಳಿಯುತ್ತದೆ. ಎರಡನ್ನೂ ಬೇರ್ಪಡಿಸುವುದೇ ಹೀಗೆ.

ಎರಡು ಕಾರಣ ಎದುರುಬದುರಾದರೆ

ಅಯೋಡಿನ್ ಮತ್ತು ನೀರು. ಒಂದಕ್ಕೆ ಲಂಡನ್ ಬಲ ಮಾತ್ರ, ಇನ್ನೊಂದಕ್ಕೆ ಹೈಡ್ರೋಜನ್ ಬಂಧ. ಏಣಿ ನಂಬಿದರೆ ನೀರು ಮೇಲೆ. ಆದರೆ ಅಯೋಡಿನ್ 184ಕ್ಕೆ ಕುದಿಯುತ್ತದೆ. ಅಣುತೂಕ 254 ಎಲ್ಲಿ, 18 ಎಲ್ಲಿ! ಡೆಕೇನ್ ಎಂಬ ಹತ್ತು ಕಾರ್ಬನ್ನಿನ ಎಣ್ಣೆಯಂಥ ದ್ರವವೂ 174ರಲ್ಲಿ ನೀರನ್ನು ಹಿಂದೆ ಹಾಕುತ್ತದೆ.

ಹಾಗಾದರೆ ನಿರ್ಧರಿಸುವುದು ಹೇಗೆ? ನಾನು ಹೇಳುವುದು ಇಷ್ಟು. ಎಲೆಕ್ಟ್ರಾನ್ ಎಣಿಕೆ ಹತ್ತಿರಹತ್ತಿರ ಇದ್ದರೆ ಬಲದ ಬಗೆ ನೋಡಿ. ಬಗೆ ಒಂದೇ ಇದ್ದರೆ ಎಣಿಕೆ ನೋಡಿ. ಎರಡೂ ಒಂದೇ ಕಡೆ ಕೈ ತೋರಿಸಿದರೆ ಚಿಂತೆಯೇ ಇಲ್ಲ. ಎರಡೂ ವಿರುದ್ಧ ದಿಕ್ಕಿಗೆ ಎಳೆದು, ಅಂತರವೂ ಸಣ್ಣದಿದ್ದರೆ ಊಹೆ ಮಾಡಬೇಡಿ, ಅಂಕಿ ತೆಗೆದು ನೋಡಿ. ಅನುಭವಿ ರಸಾಯನಶಾಸ್ತ್ರಜ್ಞರೂ ಮಾಡುವುದು ಅದನ್ನೇ.

ಒಂದು ಲೆಕ್ಕ ಒಟ್ಟಿಗೆ ಮಾಡೋಣ. ಎಥಿಲೀನ್ ಗ್ಲೈಕಾಲ್, ಬ್ಯುಟೇನ್, ಪ್ರೊಪನಾಲ್, ಅಸಿಟೋನ್, ಮೀಥಾಕ್ಸಿಈಥೇನ್. ಏರಿಕೆ ಕ್ರಮದಲ್ಲಿ ಬರೆಯಬೇಕು. ಎಲ್ಲವೂ ಅಣುಗಳೇ, ಸರಿ. ಎಲೆಕ್ಟ್ರಾನ್: ಅಸಿಟೋನ್‌ಗೆ 32, ಉಳಿದ ನಾಲ್ಕಕ್ಕೂ 34. ಅಂದರೆ ಗಾತ್ರ ಸಮ, ಏಣಿ ಇಡಬಹುದು. ಬ್ಯುಟೇನ್‌ನಲ್ಲಿ ಲಂಡನ್ ಬಲ ಮಾತ್ರ, ಎಲ್ಲಕ್ಕಿಂತ ಕೆಳಗೆ. ಮೀಥಾಕ್ಸಿಈಥೇನ್ ಈಥರ್, ಕೊಂಚ ಧ್ರುವೀಯ. ಅಸಿಟೋನ್‌ನಲ್ಲಿ ಜೋಡಿ ಬಂಧದ ಆಕ್ಸಿಜನ್, ಹೆಚ್ಚು ಧ್ರುವೀಯ. ಪ್ರೊಪನಾಲ್‌ನಲ್ಲಿ ಆಕ್ಸಿಜನ್ ಮೇಲೆ ಕೂತ ಹೈಡ್ರೋಜನ್ ಒಂದು. ಗ್ಲೈಕಾಲ್‌ನಲ್ಲಿ ಎರಡು. ಈಗ ಅಂಕಿ ನೋಡಿ: ಬ್ಯುಟೇನ್ ಮೈನಸ್ 0.5, ಮೀಥಾಕ್ಸಿಈಥೇನ್ 7, ಅಸಿಟೋನ್ 56, ಪ್ರೊಪನಾಲ್ 97, ಗ್ಲೈಕಾಲ್ 197. ಕಾರಿನ ರೇಡಿಯೇಟರ್ ಕೂಲೆಂಟ್‌ನಲ್ಲಿ ಗ್ಲೈಕಾಲ್ ಹಾಕುವುದು ಯಾಕೆ ಅಂತಲೂ ಇದರಿಂದ ಅರ್ಧ ಗೊತ್ತಾಗುತ್ತದೆ. ಬಿಸಿಗೆ ಸುಲಭವಾಗಿ ಹಾರಿಹೋಗುವುದಿಲ್ಲ.

ಉತ್ತರ ಬರೆಯುವಾಗ

"ಹೈಡ್ರೋಜನ್ ಬಂಧ ಇರುವುದರಿಂದ" ಎಂದು ಒಂದೇ ಸಾಲು ಬರೆದು ನಿಲ್ಲಿಸಬೇಡಿ. ಹೋಲಿಕೆ ಅಂದರೆ ಇಬ್ಬರ ಮಾತು. "ಎರಡರ ಅಣುತೂಕವೂ ಸಮ. ಎಥನಾಲ್ ಅಣುಗಳ ನಡುವೆ ಹೈಡ್ರೋಜನ್ ಬಂಧವಿದೆ, ಈಥರ್ ಅಣುಗಳ ನಡುವೆ ದುರ್ಬಲ ದ್ವಿಧ್ರುವ ಸೆಳೆತ ಮಾತ್ರ. ಆದ್ದರಿಂದ ಎಥನಾಲ್ ಅಣುಗಳನ್ನು ಬಿಡಿಸಲು ಹೆಚ್ಚು ಶಕ್ತಿ ಬೇಕು." ಹೀಗೆ ಬರೆದರೆ ತಿದ್ದುವವರಿಗೆ ನಿಮ್ಮ ತಲೆಯೊಳಗಿನ ದಾರಿ ಕಾಣುತ್ತದೆ.

ಪ್ರಶ್ನೆ ಏನನ್ನು ಕೇಳಿದೆ ಎಂದೂ ಎರಡು ಸಲ ಓದಿ. ಸೆಳೆತ ಜಾಸ್ತಿಯಾದರೆ ಕುದಿಬಿಂದು, ಮೇಲ್ಮೈ ಎಳೆತ, ಸ್ನಿಗ್ಧತೆ (ಹರಿಯಲು ದ್ರವ ತೋರುವ ಮೊಂಡುತನ) ಏರುತ್ತವೆ. ಆವಿಯ ಒತ್ತಡ (ದ್ರವದಿಂದ ಎದ್ದ ಆವಿ ಹಾಕುವ ಒತ್ತಡ) ಮಾತ್ರ ಇಳಿಯುತ್ತದೆ. ಆವಿಯ ಒತ್ತಡದ ಏರಿಕೆ ಕ್ರಮ ಕೇಳಿದರೆ ನಿಮ್ಮ ಪಟ್ಟಿ ತಲೆಕೆಳಗಾಗಬೇಕು. ಎಲ್ಲ ಸರಿಯಾಗಿ ಯೋಚಿಸಿ ಇಲ್ಲಿ ಎಡವಿದ ಮಕ್ಕಳ ಪತ್ರಿಕೆ ತಿದ್ದುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನು ಆ ಗಾಜಿನ ತಟ್ಟೆ. ಅದನ್ನು ತೊಳೆಯಲು ಬಿಡುವುದಿಲ್ಲ, ಲ್ಯಾಬಿನ ಕಿಟಕಿ ಪಕ್ಕ ಇಟ್ಟು ಹೋಗುತ್ತೇವೆ. ಮರುದಿನ ಬೆಳಗ್ಗೆ ಮಕ್ಕಳೇ ಓಡಿಹೋಗಿ ನೋಡುತ್ತಾರೆ. ನೀರು ಆರಿ, ಒಂದು ಮಸುಕು ಉಂಗುರ ಉಳಿದಿರುತ್ತದೆ. ಗ್ಲಿಸರಿನ್ ಹನಿ ಇದ್ದಲ್ಲೇ ಇದೆ. ಮೂರು ಓಎಚ್ ಗುಂಪು (ಹೈಡ್ರೋಜನ್ ಕೂತ ಆಕ್ಸಿಜನ್), 290ರ ಕುದಿಬಿಂದು, ಅದು ಎಲ್ಲಿಗೆ ಹೋದೀತು? ಆದರೆ ಹತ್ತಿರದಿಂದ ನೋಡಿದರೆ ಹನಿ ನಿನ್ನೆಗಿಂತ ದೊಡ್ಡದಾಗಿದೆ. ತಟ್ಟೆ ಓರೆ ಮಾಡಿದರೆ ನಿನ್ನೆ ಜೇನಿನಂತೆ ನಿಧಾನ ಜಾರಿದ್ದು, ಇವತ್ತು ಸ್ವಲ್ಪ ಬೇಗ ಹರಿಯುತ್ತದೆ. "ಮೇಡಂ, ಯಾರೋ ಮತ್ತೆ ಹಾಕಿದ್ದಾರೆ" ಅಂತ ಪ್ರತಿ ವರ್ಷ ಒಬ್ಬರಾದರೂ ಹೇಳುತ್ತಾರೆ. ಯಾರೂ ಹಾಕಿಲ್ಲ. ರಾತ್ರಿಯಿಡೀ ಮಳೆಗಾಲದ ಗಾಳಿಯಿಂದ ನೀರಿನ ಅಣುಗಳನ್ನು ಒಂದೊಂದಾಗಿ ಹಿಡಿದು ಒಳಗೆ ಎಳೆದುಕೊಂಡಿದೆ. ಕೊಡಲು ಮೂರು ಹೈಡ್ರೋಜನ್, ತೆಗೆದುಕೊಳ್ಳಲು ಮೂರು ಆಕ್ಸಿಜನ್. ಹುಡುಗರು ಆ ಮೂರನ್ನು ಬೆರಳಲ್ಲಿ ಎಣಿಸುತ್ತಾ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಾರೆ.